ಹುಲ್ಲು ನೆಟ್ಟವನ ಹೊಡೆತ

ಬ್ಯಾಟರಾಯನಪುರದ ಆಂಜಿನಪ್ಪ ಕೋಲು ಹಿಡಿದು ಚೆಂಡಿನ ಮುಂದೆ ನಿಂತನೆಂದರೆ, ಅದು ಎಲ್ಲಿಗೆ ಹೋಗುವುದೆಂದು ನೋಡಲು ಯಾರೂ ಕತ್ತೆತ್ತಬೇಕಾಗಿರಲಿಲ್ಲ. ಕೋಲು ಚೆಂಡಿನ ನೆತ್ತಿಯನ್ನು ಸವರಿಕೊಂಡು ಹೋಗುತ್ತಿತ್ತು. ಚೆಂಡು ಮೇಲೇಳುವ ಬದಲು ಬೆದರಿದ ಹೆಗ್ಗಣದಂತೆ ನೆಲಕ್ಕಂಟಿಕೊಂಡು ಓಡಿ, ಹತ್ತು ಮಾರು ದೂರದಲ್ಲಿ ಸುಸ್ತಾಗಿ ನಿಲ್ಲುತ್ತಿತ್ತು. ಮೈದಾನದ ಕೆಲಸಗಾರರು ಇದಕ್ಕೆ ‘ಆಂಜಿನಪ್ಪನ ತಲೆಸವರು’ ಎಂದು ಹೆಸರಿಟ್ಟಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳಿಂದ ಅಂಥ ಹೊಡೆತ ಬಿದ್ದಾಗಲೂ, ಕೋಲಿನ ಚೀಲ ಹೊರುವವರು ಮುಖ ತಿರುಗಿಸಿಕೊಂಡು ಅದೇ ಹೆಸರನ್ನು ಪಿಸುಗುಟ್ಟಿ ನಗುತ್ತಿದ್ದರು.

ಐವತ್ತರ ದಶಕದ ಮಾತಿದು. ಹೆಬ್ಬಾಳದ ಕೆರೆಯನ್ನು ದಾಟಿ ಯಲಹಂಕದ ಕಡೆಗೆ ಹೊರಟರೆ ರಸ್ತೆಯ ಮಗ್ಗುಲಲ್ಲಿ ಒಂದು ಗಾಲ್ಫ್ ಮೈದಾನವಿತ್ತು. ಯುದ್ಧಕಾಲದಲ್ಲಿ ಅಲ್ಲಿ ಬಿಡಾರ ಹೂಡಿದ್ದ ದೊರೆಗಳು ಗೋಮಾಳವೊಂದನ್ನು ಹಸನು ಮಾಡಿಸಿ, ಒಂಬತ್ತು ಕುಳಿ ತೋಡಿಸಿ, ಆಟ ಶುರುಮಾಡಿದ್ದರು. ಅವರು ಹಡಗು ಹತ್ತಿದ ಮೇಲೆ ನಮ್ಮವರೇ ಕೆಲವು ದೊಡ್ಡ ಹುದ್ದೆಯವರು ಅದನ್ನು ಉಳಿಸಿಕೊಂಡರು. ಸುತ್ತಲ ಹಳ್ಳಿಗಳ ಬಾಯಲ್ಲಿ ಅದು ‘ಚೆಂಡಿನ ಬಯಲು’. ಕುಳಿಯ ಸುತ್ತ ಈಗಿನ ಹಾಗೆ ಹಸಿರು ಹಾಸು ಇರಲಿಲ್ಲ. ನೀರಿಗೆ ಬರವಾದ್ದರಿಂದ ಮರಳಿಗೆ ಎಣ್ಣೆ ಬೆರೆಸಿ, ರಾಗಿ ಬಡಿಯುವ ಕಣದಂತೆ ನುಣ್ಣಗೆ ಹರಡಿರುತ್ತಿದ್ದರು. ಅದನ್ನು ಎಲ್ಲರೂ ಕಣವೆಂದೇ ಕರೆಯುತ್ತಿದ್ದರು.

ಉಳಿದ ಬಯಲಿನ ಹುಲ್ಲನ್ನೆಲ್ಲ ನೋಡಿಕೊಳ್ಳುವವನು ಆಂಜಿನಪ್ಪ. ಮುಂಗಾರು ಬಿದ್ದ ಕೂಡಲೇ ಗರಿಕೆಯ ತುಂಡುಗಳನ್ನು ಸಾಲುಸಾಲಾಗಿ ನೆಡುವುದು, ಬೇಸಗೆಯಲ್ಲಿ ಉಳಿದಷ್ಟನ್ನು ಕೊಡದ ನೀರಿನಿಂದ ಬದುಕಿಸುವುದು ಅವನ ಕೆಲಸ. ಜೊತೆಗೆ ಇನ್ನೊಂದಿತ್ತು. ಆಡುವವರು ಕಬ್ಬಿಣದ ಮುಖದ ಕೋಲನ್ನು ಬೀಸಿದಾಗ ಚೆಂಡಿನ ಹಿಂದೆಯೇ ಅಂಗೈಯಗಲದ ಹುಲ್ಲಿನ ಹೆಂಟೆಯೊಂದು ಕಿತ್ತುಕೊಂಡು ಹಾರುತ್ತಿತ್ತು. ಆಂಜಿನಪ್ಪ ಬುಟ್ಟಿ ಹಿಡಿದು ಅವರ ಹಿಂದೆ ಹೋಗಿ, ಹೆಂಟೆಯನ್ನು ಹುಡುಕಿ ತಂದು, ಕಿತ್ತ ಜಾಗದಲ್ಲಿಯೇ ಕೂರಿಸಿ, ಮೇಲೆ ಹಿಡಿ ಮಣ್ಣು ಉದುರಿಸಿ, ಪಾದದಿಂದ ಮೆಲ್ಲಗೆ ಅದುಮುತ್ತಿದ್ದ. ಕಿತ್ತ ಜಾಗಕ್ಕೆ ಅವನು ಗಾಯ ಎನ್ನುತ್ತಿದ್ದ. ಆಟ ಮುಗಿಸಿ ಹೋಗುವವರಿಗೆ, “ಇವತ್ತು ಗಾಯ ಜಾಸ್ತಿ ಆಯ್ತು ಬುದ್ಧಿ” ಎಂದು ಹೇಳಿದರೆ ಅವರು ನಗುತ್ತಿದ್ದರು.

ಹೀಗೆ ಹಿಂದೆ ಹಿಂದೆ ನಡೆದವನಿಗೆ ಆಟದ ಹುಚ್ಚು ಹಿಡಿದದ್ದು ಯಾವಾಗಲೋ ಅವನಿಗೇ ತಿಳಿಯದು. ಸರಿಯಾಗಿ ತಗುಲಿದ ಚೆಂಡಿನ ಸದ್ದನ್ನು ಅವನು ಬೆನ್ನು ತಿರುಗಿಸಿಕೊಂಡೇ ಗುರುತಿಸುತ್ತಿದ್ದ. ಒಣ ಅವರೆಕಾಯಿ ಸಿಡಿದಂತೆ ಒಂದೇ ಒಂದು ಚಿಟಿಕೆ ಸದ್ದು. ಆ ಸದ್ದು ತನ್ನ ಕೈಯಿಂದ ಬರಬೇಕೆಂಬುದು ನಲವತ್ತರ ಹತ್ತಿರದ ಆ ಗೃಹಸ್ಥನ ಆಸೆ.

ಆಸೆಗೆ ದಾರಿ ಒಂದೇ ಇತ್ತು. ಕೆಲಸದವರು ಮೈದಾನದಲ್ಲಿ ಆಡುವಂತಿರಲಿಲ್ಲ. ಆದರೆ ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ ಸಿಹಿ ಹಂಚಿದ ಮೇಲೆ ಕೆಲಸದವರಿಗೇ ಜೋಡಿ ಪಂದ್ಯ. ಇಬ್ಬರಿಗೂ ಸೇರಿ ಒಂದೇ ಚೆಂಡು. ಒಬ್ಬನ ನಂತರ ಒಬ್ಬ ಹೊಡೆಯಬೇಕು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿ ಸೇರಿಸಿದ ಜೋಡಿಗೆ ಆ ಕುಳಿ. ಗೆದ್ದ ಜೋಡಿಗೆ ಸಿಗುತ್ತಿದ್ದುದು ಬೆಳ್ಳಿ ಬಟ್ಟಲಲ್ಲ, ಸೋಮವಾರ. ಸೋಮವಾರ ಮೈದಾನಕ್ಕೆ ರಜೆ. ಮುಂದಿನ ಪಂದ್ಯದವರೆಗೆ ವರ್ಷಪೂರ್ತಿ ಪ್ರತಿ ಸೋಮವಾರವೂ ಆ ಇಬ್ಬರು ಇಡೀ ಬಯಲಿನಲ್ಲಿ ತಮ್ಮಿಷ್ಟದಂತೆ ಆಡಬಹುದಾಗಿತ್ತು. ಆಂಜಿನಪ್ಪನಿಗೆ ಬೇಕಿದ್ದುದು ಆ ಸೋಮವಾರಗಳು. ಮೂರು ವರ್ಷ ಆಡಿ ಮೂರು ವರ್ಷವೂ ಸೋತಿದ್ದ. ಸೋಲಿಗೆ ಕಾರಣ ಅವನ ತಲೆಸವರು.

ಅವನ ಜೋಡಿ ದಸ್ತಗೀರ್ ಸಾಬರು. ಕೋಲು ರಿಪೇರಿಯ ಮನುಷ್ಯ. ಮೈದಾನದ ಮೂಲೆಯ ತಗಡಿನ ಕೊಟ್ಟಿಗೆಯಲ್ಲಿ ಕೂತು ಹಿಡಿಗೆ ಚರ್ಮ ಸುತ್ತುವುದು, ಸಡಿಲವಾದ ಕೋಲಿನ ಮುಖವನ್ನು ಬಿಗಿ ಮಾಡುವುದು ಅವರ ಕಸುಬು. ಆಂಜಿನಪ್ಪನಿಗಿಂತ ಹತ್ತು ವರ್ಷ ಹಿರಿಯರು. ಅವರ ಹೊಡೆತ ದೂರ ಹೋಗುತ್ತಿರಲಿಲ್ಲ, ಆದರೆ ಗುರಿ ತಪ್ಪುತ್ತಿರಲಿಲ್ಲ.

ಐವತ್ತೆಂಟನೆಯ ಇಸವಿಯ ಬೇಸಗೆಯಲ್ಲಿ ಒಂದು ದಿನ ಸಾಬರು ಅವನನ್ನು ಕೊಟ್ಟಿಗೆಗೆ ಕರೆದು ಕೂರಿಸಿಕೊಂಡರು.

“ನೋಡು ಆಂಜಿನಪ್ಪ, ನಿನ್ ಜೊತೆ ಆಡೋದು ಇದೇ ಕೊನೇ ವರ್ಷ. ಈ ಸಲಾನೂ ತಲೆ ಸವರಿದ್ರೆ ಮುಂದಿನ ವರ್ಷ ನಾನು ಚೀಲ ಹೊರೋ ಜಿಯಾವುಲ್ಲಾನ್ನ ಜೋಡಿ ಮಾಡ್ಕೋತೀನಿ. ಬೇಜಾರ್ ಮಾಡ್ಕೋಬೇಡ.”

“ಬೇಜಾರ್ ಯಾಕೆ ಸಾಬ್ರೇ. ನನ್ನ ಜೋಡಿ ನನಗೇ ಬ್ಯಾಡ ಅನ್ನುಸ್ಬುಟ್ಟೈತೆ.”

“ನಿನ್ ರೋಗ ನನಗೆ ಗೊತ್ತು. ನೀನು ತಲೆ ಎತ್ತುತೀಯ. ಚೆಂಡು ಎಲ್ಲಿಗೆ ಹೋಯ್ತು ಅಂತ ಹೊಡೆಯೋಕೆ ಮುಂಚೇನೇ ನೋಡೋ ಆಸೆ.”

“ನೋಡಾಕೆ ಏನೈತೆ? ಅದು ಯಾವಾಗ್ಲೂ ಇಲ್ಲೇ ಬಿದ್ದಿರ್ತೈತಲ್ಲ!”

ಸಾಬರು ನಗಲಿಲ್ಲ. ಅಂದು ಸಂಜೆಯೇ ಅವನನ್ನು ಹೆಬ್ಬಾಳ ಕೆರೆಯ ಅಂಗಳಕ್ಕೆ ಕರೆದೊಯ್ದರು. ನೀರು ಹಿಂದೆ ಸರಿದು, ಅಂಚಿನಲ್ಲಿ ಬಿರುಕುಬಿಟ್ಟ ಬರಿಯ ಮಣ್ಣು ಬಹುದೂರ ಹರಡಿತ್ತು. ಸಾಬರು ಅವನ ಹೆಗಲ ಮೇಲಿನ ಟವೆಲನ್ನು ತೆಗೆದು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಲು ಹೇಳಿದರು. ಇನ್ನೊಂದು ತುದಿಯನ್ನು ಸೊಂಟದ ಉಡಿದಾರಕ್ಕೆ ಬಿಗಿಯಾಗಿ ಕಟ್ಟಿದರು. ತಲೆ ಮೇಲೆದ್ದರೆ ಟವೆಲು ಜಗ್ಗುತ್ತದೆ. ಜಗ್ಗಿದರೆ ತಪ್ಪು ತಿಳಿಯುತ್ತದೆ.

“ಇದ್ರಿಂದ ಇನ್ನೊಂದು ಉಪಕಾರ ಇದೆ. ನಿನ್ ಬಾಯೂ ಮುಚ್ಚಿರ್ತದೆ,” ಎಂದರು.

ಆಮೇಲೆ ಪಾಠ. ಎರಡು ಕಾಲುಗಳ ನಡುವೆ ಒಂದು ಮೊಳ. ಹಿಡಿಯನ್ನು ಹಕ್ಕಿಮರಿಯನ್ನು ಹಿಡಿದ ಹಾಗೆ ಹಿಡಿಯಬೇಕು. ಬಿಗಿಯಾದರೆ ಸಾಯುತ್ತದೆ, ಸಡಿಲವಾದರೆ ಹಾರಿಹೋಗುತ್ತದೆ. ಕೋಲನ್ನು ಹಿಂದಕ್ಕೊಯ್ಯುವಾಗ ಅವಸರ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡು ಮೇಲಕ್ಕೆ ಹೋಗಬೇಕಾದರೆ ಕೋಲು ಕೆಳಕ್ಕೆ ಹೋಗಬೇಕು. ಮೊದಲು ಚೆಂಡು, ಆಮೇಲೆ ನೆಲ. ಎತ್ತಿ ಹಾರಿಸಲು ಹೋದವನದು ತಲೆಸವರು.

ಹುಲ್ಲು ಕೊಯ್ಯಲು ಕೆರೆಗೆ ಬಂದಿದ್ದ ಅವನ ಹೆಂಡತಿ ಮುನಿಯಲ್ಲಮ್ಮ ಹೊರೆಯನ್ನು ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳೂ ಅದೇ ಮೈದಾನದಲ್ಲಿ ಕಳೆ ಕೀಳುವ ಕೂಲಿಯವಳು. ಬಾಯಲ್ಲಿ ಟವೆಲು ಕಚ್ಚಿಕೊಂಡು ನಿಂತ ಗಂಡನನ್ನು ಕಂಡು, “ಎತ್ತಿಗೆ ಕುಕ್ಕೆ ಕಟ್ಟಿದಂಗೈತೆ,” ಎಂದಳು. ಆದರೆ ಮರುಕ್ಷಣವೇ ಮಣ್ಣು ಸಿಡಿಯಿತು. ಚೆಂಡು ಗಾಳಿಯಲ್ಲಿ ಮೇಲೆದ್ದು, ಬಕಪಕ್ಷಿಗಳ ಸಾಲಿನ ಮೇಲೆ ಹಾದು, ಬಹುದೂರದಲ್ಲಿ ಬಿದ್ದಿತು. ಆ ಸದ್ದು, ಒಣ ಅವರೆಕಾಯಿ ಸಿಡಿದ ಸದ್ದು, ಅವನ ಕೈಯಿಂದಲೇ ಬಂದಿತ್ತು. ಇನ್ನೊಂದು ಹೊಡೆತ, ಅದೂ ಹಾಗೆಯೇ. ಸಾಬರು ಗಡ್ಡ ನೀವಿಕೊಂಡರು.

ಬೇಸಗೆ ಕಳೆಯುವವರೆಗೂ ಬಿಡುವಾದ ಸಂಜೆಗಳಲ್ಲಿ ಅಭ್ಯಾಸ ನಡೆಯಿತು. ರೋಗ ವಾಸಿಯಾಯಿತೆಂದೇ ಇಬ್ಬರೂ ನಂಬಿದರು.

ಪಂದ್ಯದ ಹಿಂದಿನ ವಾರ ಕೆಲಸದವರಿಗೆ ಒಂದು ಸಂಜೆ ಮೈದಾನವನ್ನು ಅಭ್ಯಾಸಕ್ಕೆ ಬಿಡುತ್ತಿದ್ದರು. ಅಡುಗೆಮನೆಯ ಲಕ್ಕಣ್ಣ, ಕಚೇರಿಯ ಗುಮಾಸ್ತ ಚನ್ನಕೇಶವಯ್ಯ ಇಬ್ಬರೂ ಬಂದಿದ್ದರು. ಹಿಂದಿನ ವರ್ಷ ಗೆದ್ದ ಜೋಡಿ ಅವರದೇ. ಆಂಜಿನಪ್ಪ ಟವೆಲು ಕಚ್ಚಿ ನಿಂತ. ಕೋಲು ಬೀಸಿದ. ಚೆಂಡು ಹೆಗ್ಗಣವಾಗಿ ಓಡಿತು.

“ಅಣ್ಣಾ, ಟವೆಲ್ ಬಿಟ್ಟು ಚೆಂಡನ್ನೇ ಕಚ್ಕಂಡು ಓಡಿದ್ರೆ ಇನ್ನೂ ದೂರ ಓಗ್ತಿತ್ತಲ್ಲ!” ಎಂದ ಲಕ್ಕಣ್ಣ. ಚನ್ನಕೇಶವಯ್ಯನಿಗೆ ನಕ್ಕು ನಕ್ಕು ಕೆಮ್ಮು ಬಂದಿತು.

ಮತ್ತೊಮ್ಮೆ ಹೊಡೆದ. ಮತ್ತೆ ಅದೇ. ಸಾಬರು ಮಂಡಿಯೂರಿ ಕೂತು ಮೂರನೆಯ ಹೊಡೆತವನ್ನು ಕಣ್ಣು ಮಿಟುಕಿಸದೆ ನೋಡಿದರು. ಟವೆಲು ಜಗ್ಗಲಿಲ್ಲ. ತಲೆ ಕಲ್ಲಿನಂತೆ ನಿಂತಲ್ಲೇ ಇತ್ತು. ಆದರೆ ಕೋಲು ಚೆಂಡನ್ನು ಮುಟ್ಟುವ ಗಳಿಗೆಯಲ್ಲಿ ಎರಡೂ ಮೊಣಕೈಗಳು ತಾವಾಗಿಯೇ ಮಡಿಸಿಕೊಂಡವು. ಬಿಸಿ ಪಾತ್ರೆ ಮುಟ್ಟಿದವನು ಕೈ ಹಿಂತೆಗೆದ ಹಾಗೆ.

“ತಲೆ ಅಲ್ಲ, ಕೈ!” ಎಂದರು ಸಾಬರು. “ಯಾಕೋ ಹಂಗೆ ಎಳ್ಕೋತೀಯ? ಕೆರೇಲಿ ಎಳ್ಕೊಳ್ಳಲ್ಲ, ಇಲ್ಲಿ ಎಳ್ಕೋತೀಯ. ಇಲ್ಲೇನು ಹಾವು ಕೂತಿದೆಯಾ?”

ಆಂಜಿನಪ್ಪ ಸೊಂಟದ ಟವೆಲು ಬಿಚ್ಚಿಕೊಂಡ. ಸಾಬರು ಸೈಕಲ್ಲು ಹತ್ತಿದರು.

ಮನೆಗೆ ಬಂದವನು ಮುದ್ದೆ ಮುರಿದು ಹಾಗೆಯೇ ಕೂತ. ಸೊಪ್ಪಿನ ಸಾರು ಆರುತ್ತಿತ್ತು.

“ಉಣ್ಣು,” ಎಂದಳು ಮುನಿಯಲ್ಲಮ್ಮ. “ಸೋಮವಾರ ಓಯ್ತು ಅಂತ ಮುದ್ದೇನೂ ಬುಡ್ತೀಯಾ?”

“ಕೆರೆಯಾಗೆ ಒಡಿಯಾಕೆ ಬತ್ತದೆ ಅಮ್ಮೀ. ಬಯಲ್ನಾಗೆ ಬರಾಕಿಲ್ಲ. ಅದೇ ಕೋಲು, ಅದೇ ಕೈ.”

“ನೆಲ ಅದೇನಾ?”

“ಅಂದ್ರೆ?”

“ಕೆರೆಯಾಗಿರೋದು ಬರೀ ಮಣ್ಣು. ಇಲ್ಲಿರೋದು ನೀನು ನೆಟ್ಟಿರೋ ಉಲ್ಲು. ಒಂದು ಪೈರಿನ ಮ್ಯಾಲೆ ಕಾಲಿಕ್ಕದಂಗೆ ಎಗರೆಗರಿ ನಡೆಯೋನು ನೀನು. ಮದುವೆ ಆದ ವರ್ಷ ಒಲದಾಗೆ ನಿನ್ನ ನಡಿಗೆ ನೋಡಿ ನಮ್ಮವ್ವ, ಅಳಿಯನಿಗೆ ಕಾಲಿಗೆ ಮುಳ್ಳು ಚುಚ್ಚೈತಾ ಅಂತ ಕೇಳಿದ್ಳು. ಈಗ ಕೋಲ್ನೂ ಅಂಗೇ ಎಗರುಸ್ತಾ ಇದೀಯ. ಉಲ್ಲಿಗೆ ನೋವಾದಾತು ಅಂತ.”

ಆಂಜಿನಪ್ಪನಿಗೆ ಚಿಕ್ಕವನಿದ್ದಾಗ ಮೊಳಕೆಯ ಮೇಲೆ ಹೆಜ್ಜೆಯಿಟ್ಟದ್ದಕ್ಕೆ ಅಪ್ಪ ಬೆನ್ನಿಗೆ ಬಿಟ್ಟಿದ್ದ ಏಟು ನೆನಪಾಯಿತು. ಅಂದಿನಿಂದ ಕಾಲಿಗೆ ಬಂದ ಎಚ್ಚರ ಕೈಗೂ ಇಳಿದಿತ್ತು. ದಿನವಿಡೀ ಗಾಯ ಮುಚ್ಚುವ ಕೈ ತಾನೇ ಗಾಯ ಮಾಡಲು ಒಪ್ಪುತ್ತಿರಲಿಲ್ಲ.

“ಅಂಗಾದ್ರೆ ನನಗೆ ಈ ಆಟ ಒಲಿಯಾಕಿಲ್ಲ ಬುಡು,” ಎಂದ.

“ಯಾಕೆ ಒಲಿಯಾಕಿಲ್ಲ? ನಾಳೆ ನಮ್ಮ ರಾಗಿಗೆ ಕುಂಟೆ ಒಡೀಬೇಕಲ್ಲ, ಕುಂಟೇನ ಎತ್ಕಂಡು ಒಡೀತೀಯಾ, ಊರಿ ಒಡೀತೀಯಾ?”

ಅವನಿಗೆ ನಗು ಬಂದಿತು. ಎತ್ತಿಕೊಂಡು ಕುಂಟೆ ಹೊಡೆಯುವವರುಂಟೇ! ರಾಗಿ ಗೇಣುದ್ದ ಬೆಳೆದಾಗ ಪೈರಿನ ನಡುವೆಯೇ ಕುಂಟೆ ಹಾಯಿಸಬೇಕು. ಕಬ್ಬಿಣದ ಅಲಗು ನೆಲದೊಳಗೆ ಇಳಿದು, ಕಳೆಯ ಜೊತೆ ಒಂದಿಷ್ಟು ಪೈರನ್ನೂ ಕಿತ್ತುಹಾಕುತ್ತದೆ. ಹೊಲ ನೋಡಿದರೆ ಅಳು ಬರಬೇಕು. ಆದರೆ ಹದಿನೈದು ದಿನದಲ್ಲಿ ಉಳಿದ ಪೈರು ತೆಂಡೆಯೊಡೆದು ಒಂದಕ್ಕೆ ನಾಲ್ಕಾಗುತ್ತದೆ. ಹೊಡೆಯದ ಹೊಲವೇ ಸೊರಗುವುದು.

ಮರುದಿನ ನಸುಕಿನಲ್ಲಿ ಎತ್ತು ಕಟ್ಟಿದ. ಹಿಡಿಯ ಮೇಲೆ ಭಾರ ಬಿಟ್ಟು ಸಾಲು ಸಾಲಾಗಿ ನಡೆದ. ಯಾವ ವರ್ಷವೂ ಗಮನಿಸದಿದ್ದುದನ್ನು ಅಂದು ಗಮನಿಸಿದ. ಅವನ ಮೊಣಕೈಗಳು ಎಲ್ಲಿಯೂ ಮಡಿಸಿಕೊಳ್ಳಲಿಲ್ಲ. ಅಲಗಿನ ಬಾಯಿಗೆ ಪೈರು ಸಿಕ್ಕಿದಾಗಲೂ ಕೈ ಮೇಲೇಳಲಿಲ್ಲ. ಭಾರವೆಲ್ಲ ನೀರಿನಂತೆ ಭುಜದಿಂದ ಕೈಗೆ, ಕೈಯಿಂದ ನೆಲಕ್ಕೆ ಇಳಿಯುತ್ತಿತ್ತು.

ಆದರೆ ಹೊಲದಲ್ಲಿ ಬಂದದ್ದು ಬಯಲಿನಲ್ಲಿ ಬರುವುದೋ ಇಲ್ಲವೋ ಎಂದು ಪರೀಕ್ಷಿಸಿ ನೋಡಲು ಮೈದಾನ ಸಿಗುವಂತಿರಲಿಲ್ಲ. ಪಂದ್ಯದ ದಿನವೇ ನೋಡಬೇಕು.

ಆಗಸ್ಟ್ ಹದಿನೈದರ ಆ ಶುಕ್ರವಾರ ಬಾವುಟ ಹಾರಿತು, ಬೂಂದಿಲಾಡು ಹಂಚಿದರು. ಆ ವರ್ಷ ಹೆಸರು ಕೊಟ್ಟಿದ್ದ ಜೋಡಿಗಳು ಎರಡೇ. ಆಂಜಿನಪ್ಪ ಟವೆಲನ್ನು ಹೆಗಲ ಮೇಲೆಯೇ ಬಿಟ್ಟು ಬಂದದ್ದನ್ನು ಸಾಬರು ನೋಡಿ, “ಕಚ್ಕೊಳ್ಳಲ್ವಾ?” ಎಂದರು. “ಬ್ಯಾಡ ಸಾಬ್ರೇ, ಇವತ್ತು ಕೈಗೆ ಹೇಳ್ಕಂಡಿದೀನಿ,” ಎಂದ.

ಮೊದಲನೆಯ ಕುಳಿಯಲ್ಲಿ ಕೈ ಹೇಳಿದ ಮಾತು ಕೇಳಲಿಲ್ಲ. ತಲೆಸವರು. ಲಕ್ಕಣ್ಣ ಚಪ್ಪಾಳೆ ತಟ್ಟಿ, “ಬಂತಪ್ಪಾ, ವರ್ಷಾವರಿ ಬಂತು!” ಎಂದ. ಆ ಕುಳಿ ಅವರಿಗೆ ಹೋಯಿತು. ಎರಡನೆಯದರಲ್ಲಿ ಹೊಡೆತ ಅರ್ಧಂಬರ್ಧ. ಸಾಬರ ಕುಶಲತೆಯಿಂದ ಆ ಕುಳಿ ಸಮವಾಯಿತು. ಮೂರನೆಯ ಕುಳಿಗೆ ಬಂದಾಗ ಆಂಜಿನಪ್ಪ ಚೆಂಡನ್ನು ನೋಡುವುದನ್ನೇ ಬಿಟ್ಟ. ಚೆಂಡಿನ ಮುಂದಿನ ಒಂದು ಗರಿಕೆಯ ಎಸಳನ್ನು ನೋಡಿದ. ‘ಕುಂಟೆ,’ ಎಂದುಕೊಂಡ. ಕೈಯ ಭಾರವನ್ನು ಆ ಎಸಳಿನ ಬುಡಕ್ಕೆ ಬಿಟ್ಟ.

ಧಪ್ಪೆಂದಿತು. ಹೆಂಟೆ ಹಾರಿತು. ಚೆಂಡು ಎದ್ದಿತು, ಹುಣಿಸೆಮರದ ಎತ್ತರಕ್ಕೆ ಎದ್ದಿತು. ಸ್ವಲ್ಪ ಎಡಕ್ಕೆ ವಾಲಿತಾದರೂ ಹೋಗಬೇಕಾದಷ್ಟು ದೂರ ಹೋಯಿತು.

ಸಾಬರು ಹೊಗಳಿದರೆ ಎಲ್ಲಿ ದೃಷ್ಟಿಯಾಗುವುದೋ ಎಂಬಂತೆ ಬೇರೆ ಕಡೆ ನೋಡಿದರು. ಆಂಜಿನಪ್ಪ ಮಾತ್ರ ಚೆಂಡಿನ ಕಡೆ ಹೋಗದೆ ಹೆಂಟೆ ಹುಡುಕಿಕೊಂಡು ಹೋಗಿ, ತಂದು, ಕೂರಿಸಿ, ಅದುಮತೊಡಗಿದ.

“ಆಟ ಆಡ್ತೀರೋ, ನಾಟಿ ಮಾಡ್ತೀರೋ?” ಎಂದ ಲಕ್ಕಣ್ಣ. ಅವನ ಧ್ವನಿಯಲ್ಲಿ ಮೊದಲಿನ ಹುಮ್ಮಸ್ಸಿರಲಿಲ್ಲ.

ಮೂರನೆಯದು ಇವರಿಗೆ ಬಂದು ಲೆಕ್ಕ ಸರಿಹೋಯಿತು. ಅಲ್ಲಿಂದ ಮುಂದೆ ಒಂದು ಕುಳಿ ಅವರಿಗೆ, ಒಂದು ಇವರಿಗೆ, ಒಂದು ಸಮ. ಎಂಟು ಮುಗಿದಾಗ ಎರಡೂ ಜೋಡಿ ಸಮ. ಉಳಿದದ್ದು ಕೊನೆಯ ಕುಳಿ. ಅಲ್ಲಿ ಕಣಕ್ಕೆ ಮುಂಚೆ ಕೆರೆಗೆ ನೀರು ಹರಿಯುವ ಕಾಲುವೆ ಅಡ್ಡ ಬರುತ್ತಿತ್ತು. ಹಿಂದಿನ ವರ್ಷ ಆಂಜಿನಪ್ಪನ ತಲೆಸವರು ಚೆಂಡನ್ನು ಅದರೊಳಗೇ ಉರುಳಿಸಿತ್ತು.

ಸಾಬರು ಮೊದಲ ಹೊಡೆತ ಹೊಡೆದರು. ನೇರವಾಗಿ ಹೋದ ಚೆಂಡು ಕಾಲುವೆಯ ಈಚೆ ದಂಡೆಯಲ್ಲಿ ನಿಂತಿತು. ಹತ್ತಿರ ಹೋದ ಆಂಜಿನಪ್ಪ ಚೆಂಡಿನ ಕೆಳಗಿನ ಹುಲ್ಲನ್ನು ಗುರುತಿಸಿದ. ಆ ವರ್ಷದ ಮುಂಗಾರಿನಲ್ಲಿ ಹೊಸದಾಗಿ ನೆಟ್ಟ ತುಂಡು ಅದು. ಮುನಿಯಲ್ಲಮ್ಮ ಕೊಡದಲ್ಲಿ ನೀರು ಹೊತ್ತು ಹಾಕಿದ್ದಳು. ಇನ್ನೂ ಎಳೆಯ ಬೇರು. ಇಡೀ ಬಯಲಿನಲ್ಲಿ ಅಷ್ಟು ಹಸಿರಾದ ಜಾಗ ಇನ್ನೊಂದಿರಲಿಲ್ಲ.

“ಇಲ್ಲೇ ಬೀಳ್ಬೇಕಿತ್ತಾ ಸಾಬ್ರೇ?”

“ನಾನೇನು ಕೈಯಾರೆ ತಂದು ಇಟ್ನಾ?”

ಲಕ್ಕಣ್ಣನಿಗೆ ಅವನ ಮುಖ ನೋಡಿ ಕನಿಕರವಾಯಿತೇನೋ. “ಬೇಕಾದ್ರೆ ಒಂದು ಗೇಣು ಪಕ್ಕಕ್ಕೆ ಇಟ್ಕಳಣ್ಣ, ನಾವೇನೂ ಅನ್ನಲ್ಲ,” ಎಂದ.

“ಅದೆಲ್ಲ ಆಗೋದಿಲ್ಲ,” ಎಂದ ಚನ್ನಕೇಶವಯ್ಯ. “ಬಿದ್ದ ಕಡೆಯಿಂದಲೇ ಹೊಡೀಬೇಕು. ನಿಯಮ ಅಂದ್ರೆ ನಿಯಮ.”

“ಅಯ್ನೋರು ಹೇಳೋದೇ ಸರಿ,” ಎಂದ ಆಂಜಿನಪ್ಪ.

ಬೇಲಿಯಾಚೆ ಕೂಲಿ ಹೆಂಗಸರ ಜೊತೆ ಮುನಿಯಲ್ಲಮ್ಮ ನಿಂತಿದ್ದಳು. ಅವನು ಅತ್ತ ನೋಡಲಿಲ್ಲ. ಬಗ್ಗಿ, ಹುಲ್ಲನ್ನೊಮ್ಮೆ ಅಂಗೈಯಿಂದ ಸವರಿದ. ಎದ್ದು ನಿಂತ. ಕೋಲು ನಿಧಾನವಾಗಿ ಹಿಂದಕ್ಕೆ ಹೋಯಿತು, ಅಷ್ಟೇ ನಿಧಾನವಾಗಿ ತಿರುಗಿತು, ಆಮೇಲೆ ಇಳಿಯಿತು. ಮೊಣಕೈ ಮಡಿಸಲಿಲ್ಲ.

ಮೊದಲು ಆ ಚಿಟಿಕೆ ಸದ್ದು. ಅದರ ಹಿಂದೆಯೇ ರೊಟ್ಟಿಯಗಲದ ಹಸಿರು ಹೆಂಟೆ ಬೇರುಸಮೇತ ಕಿತ್ತು ಕಾಲುವೆಯ ಅಂಚಿಗೆ ಬಿದ್ದಿತು. ಚೆಂಡು ಕಾಲುವೆಯನ್ನು ದಾಟಿ, ಕಣದ ನಡುವೆ ಮೆತ್ತಗೆ ಇಳಿದು, ಎಣ್ಣೆಮರಳಿನ ಮೇಲೆ ಗೆರೆಯೆಳೆಯುತ್ತ ಕುಳಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಅಷ್ಟು ಹತ್ತಿರದಿಂದ ಸಾಬರು ತಪ್ಪುವವರಲ್ಲ, ತಪ್ಪಲೂ ಇಲ್ಲ. ಲಕ್ಕಣ್ಣನ ಚೆಂಡು ಕಾಲುವೆಯಾಚೆಯ ಲಂಟಾನದ ಪೊದೆ ಸೇರಿದ್ದರಿಂದ ಅವರಿಗೆ ಎರಡು ಹೊಡೆತ ಹೆಚ್ಚಾಯಿತು.

ಸಾಬರು ಕೋಲನ್ನು ಎಸೆದು ಬಂದು ಅವನನ್ನು ತಬ್ಬಿಕೊಳ್ಳುವಷ್ಟರಲ್ಲಿ ಆಂಜಿನಪ್ಪ ಅಲ್ಲಿರಲಿಲ್ಲ. ಕಾಲುವೆಯ ಕಡೆಗೆ ಓಡಿದ್ದ. ಅಲ್ಲಿ ಆಗಲೇ ಮುನಿಯಲ್ಲಮ್ಮ ಬೇಲಿ ನುಸುಳಿ ಬಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

“ನೀನು ಓಗು. ಅಲ್ಲಿ ಸಾಬ್ರು ಕರೀತಾವ್ರೆ,” ಎಂದಳು. “ಇದನ್ನ ನಾನು ಕೂರಿಸ್ತೀನಿ.”

ಹೀಗೆ ಆಂಜಿನಪ್ಪನಿಗೆ ಸೋಮವಾರಗಳು ದಕ್ಕಿದವು. ಅರವತ್ತೈದನೆಯ ಇಸವಿಯವರೆಗೂ ಆ ಬಯಲಿನಲ್ಲಿ ದುಡಿದ ಅವನು ನಡುವೆ ಇನ್ನೆರಡು ಸಲ ಗೆದ್ದ. ಎರಡು ಸಲವೂ ಸಾಬರ ಜೊತೆಗೇ. ತಲೆಸವರು ಪೂರ್ತಿ ಹೋಯಿತೆಂದಲ್ಲ. ಹೊಸ ಹುಲ್ಲು ಕಂಡಾಗ ಆಗಾಗ ತಲೆ ಹಾಕುತ್ತಿತ್ತು.

ಆದರೆ ಗೆದ್ದ ಮೇಲಿನ ಮೊದಲ ಸೋಮವಾರದ ಸಂಗತಿಯನ್ನು ಹೇಳದೆ ಬಿಡಲಾಗದು. ಶನಿವಾರ, ಭಾನುವಾರ ಎರಡು ದಿನವೂ ಜಡಿಮಳೆ. ಸೋಮವಾರ ಬೆಳಿಗ್ಗೆ ಮಳೆ ನಿಂತು ಮೋಡವಿತ್ತು. ದಸ್ತಗೀರ್ ಸಾಬರು ಒಗೆದ ಷರಟು ತೊಟ್ಟು, ಹೆಂಡತಿ ಸಬೀರಾ ಕಟ್ಟಿಕೊಟ್ಟ ಖೀಮಾ ರೊಟ್ಟಿಯ ಡಬ್ಬಿಯನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಬಂದರು. ಆಂಜಿನಪ್ಪ ಮೊದಲನೆಯ ಕುಳಿಯ ದಾರಿಯಲ್ಲಿ ನಿಂತು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಿದ್ದ. ಒತ್ತಿದಲ್ಲೆಲ್ಲ ನೀರು ಒಸರುತ್ತಿತ್ತು.

“ಇವತ್ತು ಆಟ ಇಲ್ಲ ಸಾಬ್ರೇ.”

“ಯಾರು ಹೇಳಿದ್ದು?”

“ನಾನೇ. ಉಲ್ಲು ನೋಡ್ಕಳೋನು ನಾನು ತಾನೆ? ಇಂಥಾ ಒದ್ದೆಯಾಗೆ ಆಡಿದ್ರೆ ಗಾಯ ಮಾಯಾಕಿಲ್ಲ, ಕೊಳೀತದೆ.”

“ಶುಕ್ರವಾರ ರೊಟ್ಟಿಯಗಲ ಕಿತ್ತೋನು ನೀನೇ ತಾನೆ!”

“ಅದು ಒಣಗಿದ ನೆಲ. ಇವತ್ತು ಬಿಸಿಲು ಬಂದ್ರೆ ನಾಳೆ ಹದ ಆಯ್ತದೆ. ನಾಳೆ ಬನ್ನಿ.”

“ನಾಳೆ ಮಂಗಳವಾರ ಕಣೋ! ಯಾ ಅಲ್ಲಾ! ಮೂರು ವರ್ಷ ಹೊಡೆಯೋಕೆ ಬರದೆ ಕಾಡಿದೆ, ಈಗ ಹೊಡೆಯೋಕೆ ಬಂದು ಕಾಡ್ತೀಯ!”

ಆಂಜಿನಪ್ಪ ಮಿಸುಕಲಿಲ್ಲ. ಇಬ್ಬರೂ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತರು. ಸಾಬರು ಸಿಟ್ಟಿನಿಂದಲೇ ಒಂದು ರೊಟ್ಟಿ ತಿಂದರು. ಆಂಜಿನಪ್ಪ ಕೈಯಲ್ಲಿ ಕೋಲನ್ನು ಹಿಡಿದು, ಬಿಡದೆ, ಆಕಾಶ ನೋಡಿದ. ಹನ್ನೊಂದರ ಹೊತ್ತಿಗೆ ಮೋಡ ಒಡೆದು ಬಿಸಿಲು ಬಿದ್ದಿತು. ಅವನು ಎದ್ದು ಹೋಗಿ ಹಿಮ್ಮಡಿ ಒತ್ತಿ ಬಂದು ಮತ್ತೆ ಕೂತ. ಊಟದ ಹೊತ್ತು ದಾಟಿದ ಮೇಲೆ ಇನ್ನೊಮ್ಮೆ ಹೋಗಿ ಒತ್ತಿದ. ಈ ಸಲ ತಿರುಗಿ ಬರಲಿಲ್ಲ. ಅಲ್ಲಿಂದಲೇ ಕೈಬೀಸಿ ಕೂಗಿದ.

“ಬನ್ನಿ ಸಾಬ್ರೇ! ಮೇಲಿನ ಮೂರು ಕುಳಿ ಆಡ್ಬೋದು. ಕೆಳಗಿಂದು ಬ್ಯಾಡ, ಇನ್ನೂ ಹಸಿ ಐತೆ.”

ಅಂದು ಅವರಿಬ್ಬರು ಆ ಮೂರು ಕುಳಿಗಳನ್ನೇ ಸುತ್ತಿ ಸುತ್ತಿ ಬಂದು ಹೊತ್ತು ಮುಳುಗುವವರೆಗೆ ಆಡಿದರು.